ದೇಹದ ತೂಕವೂ ಸಂತಾನ ಚಿಕಿತ್ಸೆಯೂ



ಮದುವೆಯಾಗಿ ಎರಡು ಮೂರು ವರ್ಷಗಳಾದರೂ ತೊಟ್ಟಿಲು ಕಟ್ಟದ ಮನೆಯಲ್ಲಿ ಸೊಸೆಯ ಮೈಕಟ್ಟು ಹತ್ತು ಜನರ ಬಾಯಿಗೆ ಬೀಳುವುದು ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಹೊಸತಲ್ಲ. ಆಕೆ ದಪ್ಪಗಿದ್ದರೆ ಕೊಬ್ಬಿನಿಂದಲೇ ಬಸಿರು ನಿಲ್ಲುತ್ತಿಲ್ಲವೆನ್ನುತ್ತಾರೆ. ಸಣಕಲಾಗಿದ್ದರೆ ಮಗುವನ್ನು ಹೊರುವ ಶಕ್ತಿ ಎಲ್ಲಿದೆ ಎನ್ನುತ್ತಾರೆ. ಈ ಮಾತುಗಳಲ್ಲಿ ಸತ್ಯ ಸ್ವಲ್ಪವಿದೆ, ನೋವು ಬಹಳವಿದೆ. ಆ ಸತ್ಯವೆಷ್ಟು, ಅದನ್ನು ಮನೆಯವರು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಸ್ತ್ರೀಯ ಅಂಡಾಶಯವು ತಿಂಗಳಿಗೊಮ್ಮೆ ಅಂಡವನ್ನು ಬಿಡುಗಡೆ ಮಾಡಬೇಕಾದರೆ ಮೆದುಳಿನಿಂದ ಹೊರಡುವ ಹಾರ್ಮೋನುಗಳು ಸರಿಯಾದ ಕಾಲಕ್ಕೆ, ಸರಿಯಾದ ಪ್ರಮಾಣದಲ್ಲಿ ಬರಬೇಕು. ದೇಹದಲ್ಲಿ ಕೊಬ್ಬು ಅತಿಯಾದಾಗ, ಅದರಲ್ಲಿಯೂ ಹೊಟ್ಟೆಯ ಸುತ್ತ ಸೇರಿದಾಗ, ಇನ್ಸುಲಿನ್ನಿನ ಕೆಲಸ ಮಂದವಾಗುತ್ತದೆ. ಅದನ್ನು ಸರಿದೂಗಿಸಲು ದೇಹವು ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್ನಿನಿಂದ ಅಂಡಾಶಯದಲ್ಲಿ ಪುರುಷ ಹಾರ್ಮೋನು ಅಧಿಕವಾಗಿ, ಅಂಡವು ಬಲಿತು ಹೊರಬರುವುದು ತಪ್ಪುತ್ತದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದು, ಮುಖದ ಮೇಲೆ ಕೂದಲು, ಮೊಡವೆ ಕಾಣಿಸಿಕೊಳ್ಳುವುದು ಇದರ ಲಕ್ಷಣಗಳು. ಇಂದು ಪಿಸಿಓಡಿ ಅಥವಾ ಪಿಸಿಓಎಸ್ ಎಂದು ಮನೆಮನೆಯಲ್ಲಿ ಕೇಳಿಬರುವ ತೊಂದರೆ ಇದೇ. ಅಮೆರಿಕದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ 1935ರಲ್ಲಿಯೇ ಇದನ್ನು ವಿವರಿಸಿದ್ದರು. ಸಣ್ಣ ಮೈಕಟ್ಟಿನವರಿಗೂ ಇದು ಬರಬಹುದು. ತೂಕ ಹೆಚ್ಚಿದಂತೆ ಉಲ್ಬಣಿಸುತ್ತದೆ. ತೂಕ ತೀರ ಕಡಿಮೆಯಾದಾಗಲೂ ಅಂಡೋತ್ಪತ್ತಿ ನಿಲ್ಲಬಹುದು. ಶರೀರದಲ್ಲಿ ಶಕ್ತಿಯ ಸಂಗ್ರಹವಿಲ್ಲವೆಂದು ತಿಳಿದ ಮೆದುಳು ತಾನೇ ಹಾರ್ಮೋನುಗಳನ್ನು ತಡೆಹಿಡಿಯುತ್ತದೆ.

ತೂಕ ಹೆಚ್ಚೋ ಕಡಿಮೆಯೋ ಎಂಬುದನ್ನು ಕಣ್ಣಳತೆಯಿಂದ ನಿರ್ಣಯಿಸಲಾಗದು. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬಿಎಂಐ ಎಂಬ ಅಂಕಿ ದೊರೆಯುತ್ತದೆ. ಭಾರತೀಯರಿಗೆ 18ರಿಂದ 23ರ ಒಳಗಿದ್ದರೆ ಸರಿಯಾದ ತೂಕ, 23ರಿಂದ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ದೇಶದ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದಿದ್ದಾರೆ. 155 ಸೆಂಟಿಮೀಟರ್ ಎತ್ತರದ ಹೆಣ್ಣುಮಗಳಿಗೆ 45ರಿಂದ 55 ಕಿಲೋ ಯೋಗ್ಯವಾದ ತೂಕ. 60 ದಾಟಿದರೆ ಎಚ್ಚರ ವಹಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು, ಸುಮಾರು 17 ಮಂದಿ ಕಡಿಮೆ ತೂಕದವರು. ಅಂದಮೇಲೆ ಇದು ಯಾವುದೋ ಒಂದು ಮನೆಯ ಸೊಸೆಯ ದೋಷವಲ್ಲ, ಕಾಲದ ಸಮಸ್ಯೆ. ಬೀಸುವ ಕಲ್ಲು ಮೂಲೆ ಸೇರಿತು. ನೀರು ನಲ್ಲಿಯಲ್ಲಿ ಬಂತು. ಕಡೂರಿನ ತೆಂಗಿನ ತೋಟವಾಗಲಿ, ತರೀಕೆರೆಯ ಅಡಿಕೆ ತೋಟವಾಗಲಿ, ಅಜ್ಜಂಪುರದ ಈರುಳ್ಳಿ ಹೊಲವಾಗಲಿ, ಮೈಮುರಿದು ದುಡಿಯುವ ಕೆಲಸಗಳಲ್ಲಿ ಎಷ್ಟೋ ಯಂತ್ರದ ಪಾಲಾದವು. ಊಟದ ಪ್ರಮಾಣ ಮಾತ್ರ ಹಿಂದಿನಂತೆಯೇ ಉಳಿಯಿತು. ಅದರ ಮೇಲೆ ಸಕ್ಕರೆ ಕಾಫಿ, ಬೇಕರಿ ತಿಂಡಿ ಸೇರಿದವು.

ಇನ್ನು ಚಿಕಿತ್ಸೆಯ ಮಾತು. ಪಿಸಿಓಎಸ್ ಇರುವ, ತೂಕ ಹೆಚ್ಚಿರುವ ಹೆಣ್ಣುಮಕ್ಕಳು ತಮ್ಮ ತೂಕದ ನೂರಕ್ಕೆ 5ರಿಂದ 10 ಭಾಗವನ್ನು ಇಳಿಸಿಕೊಂಡರೆ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. 72 ಕಿಲೋ ತೂಗುವವರಿಗೆ ಇದು ನಾಲ್ಕರಿಂದ ಏಳು ಕಿಲೋ ಮಾತ್ರ. ಅಂಡೋತ್ಪತ್ತಿಗಾಗಿ ಕೊಡುವ ಲೆಟ್ರೊಜೋಲ್‌ನಂಥ ಮಾತ್ರೆಗಳು ಫಲಿಸುವುದಕ್ಕೂ ಇದು ನೆರವಾಗಬಹುದು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಬೊಜ್ಜು ಇರುವವರಿಗೆ ಚುಚ್ಚುಮದ್ದಿನ ಪ್ರಮಾಣ ಹೆಚ್ಚು ಬೇಕಾಗುತ್ತದೆ, ಗರ್ಭಪಾತದ ಸಂಭವವೂ ಹೆಚ್ಚು. ಗರ್ಭ ನಿಂತ ಮೇಲೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಭಯವೂ ಇದೆ. ಆದ್ದರಿಂದ ವೈದ್ಯರು ತೂಕ ಇಳಿಸಿರೆಂದು ಹೇಳುವುದು ಅವಮಾನಕ್ಕಲ್ಲ, ತಾಯಿ ಮಗುವಿನ ಕ್ಷೇಮಕ್ಕೆ.

ಆದರೆ ಇದಕ್ಕೂ ಒಂದು ಮಿತಿಯುಂಟು. ತೂಕ ಇಳಿಸಿದರೆ ಎಲ್ಲರಿಗೂ ಮಕ್ಕಳಾಗುವುದೆಂದು ತಿಳಿಯಬಾರದು. ನೆದರ್‌ಲೆಂಡ್ಸ್ ದೇಶದಲ್ಲಿ ಬೊಜ್ಜು ಇದ್ದ ಸ್ತ್ರೀಯರಿಗೆ ಚಿಕಿತ್ಸೆಗೆ ಮೊದಲು ಆರು ತಿಂಗಳು ಆಹಾರ, ವ್ಯಾಯಾಮಗಳ ಶಿಸ್ತನ್ನು ಕಲಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಾನಾಗಿಯೇ ಗರ್ಭ ಧರಿಸಿದವರ ಸಂಖ್ಯೆ ಹೆಚ್ಚಿತು. ಆದರೆ ಆರೋಗ್ಯವಂತ ಮಗುವಿನ ಸಹಜ ಹೆರಿಗೆಗಳು ನೇರವಾಗಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಲಿಲ್ಲ. ಕಾರಣ ತಿಳಿಯದ ಬಂಜೆತನದವರನ್ನು ಕುರಿತು ಅಮೆರಿಕದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ತೂಕ ಇಳಿಕೆಯಿಂದ ಹೆರಿಗೆಗಳು ಹೆಚ್ಚಾಗಲಿಲ್ಲ. ವಯಸ್ಸು ಯಾರಿಗಾಗಿಯೂ ಕಾಯುವುದಿಲ್ಲ. 35 ದಾಟಿದ ಹೆಣ್ಣುಮಗಳು ತೂಕದ ಹೆಸರಿನಲ್ಲಿ ಎರಡು ವರ್ಷ ಕಳೆದರೆ, ತೂಕದಿಂದ ಗಳಿಸುವುದಕ್ಕಿಂತ ವಯಸ್ಸಿನಿಂದ ಕಳೆದುಕೊಳ್ಳುವುದೇ ಹೆಚ್ಚಾದೀತು. ಮೂವತ್ತರೊಳಗಿನವರಿಗೆ ಕೆಲವು ತಿಂಗಳ ಪ್ರಯತ್ನಕ್ಕೆ ಅವಕಾಶವಿದೆ. ಎಷ್ಟು ಕಾಯಬೇಕೆಂಬುದನ್ನು ವೈದ್ಯರೊಡನೆ ಕುಳಿತು ನಿಶ್ಚಯಿಸಬೇಕು.

ಅವಸರದ ಉಪವಾಸದಿಂದ ಲಾಭವಿಲ್ಲ. ಶಿವರಾತ್ರಿಯ ಉಪವಾಸ ಭಕ್ತಿಗೆ. ತೂಕಕ್ಕಾಗಿ ವಾರಗಟ್ಟಲೆ ಊಟ ಬಿಟ್ಟರೆ ರಕ್ತಹೀನತೆ ಬಂದು ಮುಟ್ಟು ಇನ್ನಷ್ಟು ಏರುಪೇರಾದೀತು. ಜಾಹೀರಾತಿನ ಪುಡಿಗಳ ಗೊಡವೆಯೂ ಬೇಡ. ತೂಕ ಇಳಿಸಲು ಈಚೆಗೆ ಬಂದಿರುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ಗರ್ಭಕ್ಕೆ ಪ್ರಯತ್ನಿಸುವ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ವೈದ್ಯರ ಸಲಹೆಯಿಲ್ಲದೆ ಅದನ್ನು ಮುಟ್ಟಲೇಬಾರದು. ನಮ್ಮದು ಶಾಕಾಹಾರದ ಅಡಿಗೆ. ಅದರಲ್ಲಿ ಅನ್ನ ತಗ್ಗಿಸಿ ಹುರುಳಿ, ಹೆಸರು, ಅವರೆ ಕಾಳುಗಳನ್ನೂ ಸೊಪ್ಪನ್ನೂ ಹೆಚ್ಚಿಸಬಹುದು. ಮುದ್ದೆಯ ಗಾತ್ರವನ್ನು ಕಿರಿದು ಮಾಡಬಹುದು. ಎರಡನೆಯ ಕಾಫಿಯ ಬದಲು ಮಜ್ಜಿಗೆ ಕುಡಿಯಬಹುದು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಗರ್ಭಕ್ಕೆ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಅವಶ್ಯ. ಇಲ್ಲಿ ಒಂದು ಮಾತನ್ನು ನಾವು ಒತ್ತಿ ಹೇಳಬೇಕಾಗಿದೆ: ಮನೆಯವರೆಲ್ಲ ಹೋಳಿಗೆ ತುಪ್ಪ ಉಣ್ಣುತ್ತ ಸೊಸೆಯೊಬ್ಬಳ ತಟ್ಟೆಯನ್ನು ಮಾತ್ರ ಅಳೆಯುವುದು ನ್ಯಾಯವಲ್ಲ, ಅದು ಫಲಿಸುವುದೂ ಇಲ್ಲ. ಬದಲಾಗಬೇಕಾದುದು ಇಡೀ ಮನೆಯ ಅಡಿಗೆ.

ಗಂಡನ ಪರೀಕ್ಷೆಯೂ ಮೊದಲ ದಿನವೇ ಆಗಬೇಕು. ಸಂತಾನವಾಗದ ದಂಪತಿಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಕಡೆ ಪುರುಷನಲ್ಲಿಯೂ ಕಾರಣವಿರುತ್ತದೆ. ವೀರ್ಯ ಪರೀಕ್ಷೆ ಸುಲಭದ್ದು, ಖರ್ಚೂ ಅಲ್ಪ. ಹೆಂಡತಿ ವರ್ಷಗಟ್ಟಲೆ ತೂಕ ಇಳಿಸುತ್ತಿರುವಾಗ ಗಂಡ ಆ ಪರೀಕ್ಷೆಗೆ ಸಂಕೋಚಪಡುವುದು ಸರಿಯಲ್ಲ. ಪುರುಷನ ಬೊಜ್ಜೂ ತಂಬಾಕೂ ವೀರ್ಯವನ್ನು ಕೆಡಿಸುತ್ತವೆ.

ಎಲ್ಲಕ್ಕಿಂತ ಮೊದಲ ಎಚ್ಚರಿಕೆ ಮುಟ್ಟಿನ ಏರುಪೇರಿನಲ್ಲಿದೆ. ಆದರೆ ಹುಡುಗಿಯರು ಅದನ್ನು ತಾಯಿಗೂ ಹೇಳದೆ ಮುಚ್ಚಿಡುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಇಷ್ಟಲಿಂಗ ಧರಿಸಿದ ಹೆಣ್ಣಿಗೆ ಮುಟ್ಟಿನ ದಿನಗಳಲ್ಲಿಯೂ ಪೂಜೆ ನಿಷಿದ್ಧವಲ್ಲವೆಂದು ಸಾರಿದ ಧರ್ಮ ನಮ್ಮದು. ಅಂಥ ಮನೆಗಳಲ್ಲಿ ಮುಟ್ಟಿನ ಮಾತಿಗೆ ನಾಚಿಕೆ ಏಕೆ? ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಬಾರಿ ಮುಟ್ಟಾಗುವ ಮಗಳನ್ನು ಮದುವೆಯವರೆಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮದುವೆಯಾದವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ನೋಡಿ, ದಂಪತಿಗಳಿಬ್ಬರೂ ಕೂಡಿ ಹೋಗಿರಿ. ಮೊದಲ ತಪಾಸಣೆಯನ್ನು ಕಡೂರು, ತರೀಕೆರೆಗಳ ತಾಲ್ಲೂಕು ಆಸ್ಪತ್ರೆಯಲ್ಲಿ ಆರಂಭಿಸಬಹುದು. ಮುಂದಿನದಕ್ಕೆ ಶಿವಮೊಗ್ಗ, ದಾವಣಗೆರೆಗಳು ದೂರವಲ್ಲ. ಪ್ರನಾಳ ಶಿಶು ಕೇಂದ್ರಕ್ಕೆ ಹೋಗುವವರು 2021ರ ಕಾಯಿದೆಯಂತೆ ಅದು ನೋಂದಣಿಯಾಗಿದೆಯೇ ಎಂದು ಕೇಳಿ ತಿಳಿಯಿರಿ. ಆ ಕಾಯಿದೆಯ ಪ್ರಕಾರ ಸ್ತ್ರೀಗೆ 50, ಪುರುಷನಿಗೆ 55 ವರ್ಷ ವಯಸ್ಸಿನ ಮಿತಿಯಿದೆ.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಮಕ್ಕಳಾಗದಿರಬಹುದು. ಅವರ ಬಾಳು ಅದರಿಂದ ಕುಂದಾಗದು. ಮಕ್ಕಳಿಲ್ಲದ ತಾಯಿಯನ್ನು ಶುಭಕಾರ್ಯದಲ್ಲಿ ಹಿಂದೆ ಸರಿಸುವ ರೂಢಿಗೆ ಶರಣ ಧರ್ಮದಲ್ಲಿ ಎಡೆಯಿಲ್ಲ. ತೂಕವನ್ನು ಅಳೆಯೋಣ, ವಯಸ್ಸನ್ನೂ ಅಳೆಯೋಣ. ಹೆಣ್ಣಿನ ಮಾನವನ್ನು ಮಾತ್ರ ಈ ತಕ್ಕಡಿಯಲ್ಲಿ ಇಡದಿರೋಣ. ಸಕಲರಿಗೂ ಆರೋಗ್ಯ ಭಾಗ್ಯ ದೊರೆಯಲೆಂದು ಹಾರೈಸುತ್ತೇವೆ.