ಡಬ್ಬದ ಮೇಲೆ ‘ಲೇಯರ್ 3’ ಅಂತ ಬರೆದಿದ್ದರೆ ಮುಗೀತಾ?

(1/5)
ಕ್ಲಾಸ್‌ನವರೇ, ವೈವಾದಲ್ಲಿ ‘ಲೇಯರ್ 3 ಸ್ವಿಚ್ ಅಂದ್ರೇನು’ ಅಂತ ಕೇಳಿದ್ರೆ ನಮ್ಮ ಉತ್ತರ ರೆಡಿ: ‘ರೂಟಿಂಗ್ ಮಾಡೋ ಸ್ವಿಚ್, ಸರ್.’ ಮಾರ್ಕ್ಸ್ ಬರುತ್ತೆ, ಹೊರಗೆ ಬಂದು ಟೀ ಕುಡೀತೀವಿ. ಆದರೆ ಯಾವ ರೂಟಿಂಗ್, ಯಾವ ಲೈಸೆನ್ಸ್‌ನಲ್ಲಿ ಅಂತ ಯಾರೂ ಕೇಳಲ್ಲ. ಸ್ವಿಚ್ ಕೊಳ್ಳೋವಾಗ ಲಕ್ಷಗಟ್ಟಲೆ ವ್ಯತ್ಯಾಸ ಬರೋದು ಆ ಕೇಳದ ಪ್ರಶ್ನೆಯಿಂದಲೇ.

ನೇರವಾಗಿ ಹೇಳ್ತೀನಿ. ಇಡೀ ಜಗತ್ತಿಗೆ ತೆರೆದಿಟ್ಟ ಪ್ರೋಟೊಕಾಲ್‌ಗೆ ಬೀಗ ಹಾಕಿ, ಕೀಲಿಯನ್ನು ಬೇರೆಯಾಗಿ ಮಾರೋದು ಸರಿಯಲ್ಲ. ಬೀಗ ಇದೆ ಅನ್ನೋದೇ ಗೊತ್ತಿಲ್ಲದ ಇಂಜಿನಿಯರ್‌ಗಳನ್ನ ತಯಾರು ಮಾಡೋದು ಇನ್ನೂ ಸರಿಯಲ್ಲ. ಒಪ್ಪದವರು ಪೂರ್ತಿ ಓದಿ ಜಗಳಕ್ಕೆ ಬನ್ನಿ.

(2/5)
ಉದಾಹರಣೆಗೆ ಎಲ್ಲರಿಗೂ ಗೊತ್ತಿರೋ ಹೆಸರನ್ನೇ ತಗೊಳ್ಳೋಣ, ಸಿಸ್ಕೊ. ಹಳೇ ಕ್ಯಾಟಲಿಸ್ಟ್ 3750ರಲ್ಲಿ ಐಪಿ ಬೇಸ್, ಐಪಿ ಸರ್ವಿಸಸ್ ಅಂತ ಎರಡು ಮಟ್ಟ ಇತ್ತು. ಈಗ ಕ್ಯಾಟಲಿಸ್ಟ್ 9300ರಲ್ಲಿ ನೆಟ್‌ವರ್ಕ್ ಎಸೆನ್ಷಿಯಲ್ಸ್, ನೆಟ್‌ವರ್ಕ್ ಅಡ್ವಾಂಟೇಜ್. ಹೆಸರು ಬದಲಾಯ್ತು, ಆಟ ಅದೇ. ಕೆಳಗಿನ ಮಟ್ಟದಲ್ಲೂ ಓಎಸ್‌ಪಿಎಫ್ ‘ಇದೆ’, ಆದರೆ 1000 ರೂಟ್‌ಗಳ ಮಿತಿಯೊಳಗೆ. ಮಲ್ಟಿಕಾಸ್ಟ್ ರೂಟಿಂಗ್ ಕೂಡ ‘ಇದೆ’, ಆದರೆ ಪಿಮ್ ಸ್ಟಬ್ ಮಾತ್ರ. ಅಂದರೆ ಆ ಸ್ವಿಚ್ ದಾರಿಯ ಕೊನೇ ಮನೆ ಆಗಬಹುದು, ನಡುವಿನ ಜಂಕ್ಷನ್ ಆಗೋ ಹಾಗಿಲ್ಲ. ಬಿಜಿಪಿ, ಪೂರ್ತಿ ಪಿಮ್ ಬೇಕಾದರೆ ಮೇಲಿನ ಮಟ್ಟಕ್ಕೆ ದುಡ್ಡು ಕಟ್ಟಬೇಕು.

ಇದು ಒಂದೇ ಕಂಪನಿಯ ಚಾಳಿಯಲ್ಲ. ಜುನಿಪರ್‌ನ ಇಎಕ್ಸ್4200ರಲ್ಲೂ ಬಿಜಿಪಿಗೆ ಬೇರೆ ಲೈಸೆನ್ಸ್ ಇತ್ತು.

ಈಗ ಗಮನವಿಟ್ಟು ಕೇಳಿ. 9300ರಲ್ಲಿ ದುಡ್ಡು ಕಟ್ಟಿದ ಮೇಲೆ ಹೊಸ ಡಬ್ಬ ಬರಲ್ಲ. ಒಂದು ಕಮಾಂಡ್ ಹೊಡೆದು ಲೈಸೆನ್ಸ್ ಮಟ್ಟ ಬದಲಿಸಿ ರೀಬೂಟ್ ಮಾಡಿದರೆ ಆಯ್ತು. ಅದೇ ಚಿಪ್, ಅದೇ ಮೆಮೊರಿ, ಅದೇ ಫ್ಯಾನ್ ಸದ್ದು. ಅಂದಮೇಲೆ ನಿನ್ನೆ ಇಲ್ಲದ ಶಕ್ತಿ ಇವತ್ತು ಎಲ್ಲಿಂದ ಬಂತು?

(ದುಡ್ಡು ಕೊಡದೆ ಆನ್ ಮಾಡಿ ಅಂತ ಹೇಳ್ತಿಲ್ಲ. ಸ್ಕ್ರೀನ್‌ಶಾಟ್ ತೆಗೆದು ನನ್ನ ಮೇಲೆ ಕೇಸ್ ಹಾಕಿಸಬೇಡಿ.)

(3/5)
‘ಮಲ್ಟಿಕಾಸ್ಟ್ ಯಾರಿಗೆ ಬೇಕು ಗುರು, ಎಕ್ಸಾಮ್‌ಗೆ ಎರಡು ಮಾರ್ಕ್ಸ್‌ಗೆ ಬರುತ್ತೆ’ ಅನ್ನೋರಿಗೆ ಒಂದು ಲೆಕ್ಕ.

ಕ್ಯಾಂಪಸ್‌ನಲ್ಲಿ ಒಂದು ಉಪನ್ಯಾಸ ಲೈವ್ ಹೋಗ್ತಿದೆ ಅಂದುಕೊಳ್ಳಿ, 4 ಎಂಬಿಪಿಎಸ್ ವಿಡಿಯೊ. 200 ಜನ ನೋಡ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಪ್ರತಿ ಕಳಿಸಿದರೆ ಸರ್ವರ್‌ನಿಂದ 800 ಎಂಬಿಪಿಎಸ್ ಹೊರಡಬೇಕು. 1 ಗಿಗಾಬಿಟ್ ಲಿಂಕ್ ಅಲ್ಲಿಗೇ ಏದುಸಿರು ಬಿಡುತ್ತೆ. ಮಲ್ಟಿಕಾಸ್ಟ್‌ನಲ್ಲಿ ಅದೇ ಲಿಂಕ್ ಮೇಲೆ ಹೋಗೋದು ಒಂದೇ ಪ್ರತಿ, 4 ಎಂಬಿಪಿಎಸ್. ಎಲ್ಲಿ ದಾರಿ ಕವಲೊಡೆಯುತ್ತೋ ಅಲ್ಲಿ ಸ್ವಿಚ್ಚೇ ನಕಲು ಮಾಡುತ್ತೆ. 1989ರಲ್ಲೇ ಸ್ಟೀವ್ ಡೀರಿಂಗ್ ಇದನ್ನ ಆರ್‌ಎಫ್‌ಸಿ 1112ರಲ್ಲಿ ಬರೆದಿಟ್ಟಿದ್ದಾರೆ. ಐಜಿಎಂಪಿ ಆವೃತ್ತಿ 1 ಇರೋದೂ ಅಲ್ಲೇ.

ಹೆಚ್ಚು ಜನ ಎಡವೋ ಜಾಗ ಇನ್ನೊಂದಿದೆ. ಯಾವ ಪೋರ್ಟ್‌ನಲ್ಲಿ ಯಾರು ಯಾವ ಗುಂಪಿಗೆ ಸೇರಿದ್ದಾರೆ ಅಂತ ಸ್ವಿಚ್ ಕದ್ದು ಕೇಳಿಸಿಕೊಳ್ಳೋದಕ್ಕೆ ಐಜಿಎಂಪಿ ಸ್ನೂಪಿಂಗ್ ಅಂತಾರೆ. ಆದರೆ ‘ಇನ್ನೂ ಇದ್ದೀರಾ?’ ಅಂತ ಆಗಾಗ ವಿಚಾರಿಸೋಕೆ ಆ ವಿಲ್ಯಾನ್‌ನಲ್ಲಿ ಒಬ್ಬ ಕ್ವೇರಿಯರ್ ಇರಬೇಕು. ಸಾಮಾನ್ಯವಾಗಿ ಆ ಕೆಲಸ ಮಲ್ಟಿಕಾಸ್ಟ್ ರೂಟರ್‌ದು. ಅದು ಇಲ್ಲದಿದ್ದರೆ ಯಾರೂ ಕೇಳಲ್ಲ, ಯಾರೂ ಉತ್ತರ ಕೊಡಲ್ಲ, ಡಿಫಾಲ್ಟ್ ಲೆಕ್ಕದಲ್ಲಿ 260 ಸೆಕೆಂಡಿಗೆ ಸ್ವಿಚ್ ಆ ಪೋರ್ಟನ್ನ ಪಟ್ಟಿಯಿಂದ ತೆಗೆದುಬಿಡುತ್ತೆ. ವಿಡಿಯೊ ನಾಲ್ಕು ನಿಮಿಷ ಚೆನ್ನಾಗಿ ಓಡಿ ಗಪ್‌ಚುಪ್ ನಿಂತುಹೋಗುತ್ತೆ. ಆಮೇಲೆ ಕೇಬಲ್ ಬದಲಾಯಿಸ್ತಾರೆ, ಕ್ಯಾಮೆರಾ ಬದಲಾಯಿಸ್ತಾರೆ, ಕೊನೆಗೆ ಯಾರೋ ಒಬ್ಬರು ‘ಸ್ನೂಪಿಂಗ್ ಆಫ್ ಮಾಡಿ’ ಅಂತಾರೆ. ಆಫ್ ಮಾಡಿದರೆ ವಿಡಿಯೊ ಬರುತ್ತೆ, ನಿಜ. ಬೇಕಾದವರಿಗೂ ಬೇಡದವರಿಗೂ ಪ್ರತಿ ಪೋರ್ಟಿಗೂ ಬರುತ್ತೆ. ಇದನ್ನ ‘ಫಿಕ್ಸ್’ ಅಂತ ಕರೆಯೋರನ್ನ ಕಂಡರೆ ನನಗೆ ಮೈ ಉರಿಯುತ್ತೆ.

ಅಂದಹಾಗೆ, ಮಲ್ಟಿಕಾಸ್ಟ್ ಬೇಡ ಅನ್ನೋರು ದಿನಾ ಬಳಸೋ ಓಎಸ್‌ಪಿಎಫ್ ತನ್ನ ಹಲೋ ಕಳಿಸೋದೇ 224.0.0.5ಕ್ಕೆ. ಅದು ಮಲ್ಟಿಕಾಸ್ಟ್ ವಿಳಾಸ ಕಣ್ರಪ್ಪಾ.

(4/5)
ಎದುರು ವಾದವನ್ನೂ ಕೇಳಿ. ‘ಎಲ್ಲರಿಗೂ ಬೇಡದ ಫೀಚರ್‌ಗೆ ಎಲ್ಲರೂ ಯಾಕೆ ದುಡ್ಡು ಕೊಡಬೇಕು? ಮಟ್ಟ ಮಾಡಿರೋದ್ರಿಂದಲೇ ಸಣ್ಣ ಆಫೀಸಿಗೆ ಕಮ್ಮಿಗೆ ಸಿಗೋದು. ಕೋಡ್ ಟೆಸ್ಟ್ ಮಾಡೋರಿಗೂ ಸಂಬಳ ಬೇಕಲ್ಲ?’ ಇದರಲ್ಲಿ ಹುರುಳಿದೆ. ಆ ಕಂಪನಿಗಳಿಗೆ ಬೆಂಗಳೂರಲ್ಲೂ ಆಫೀಸ್ ಇದೆ, ನಮ್ಮಲ್ಲೇ ಕೆಲವರು ನಾಳೆ ಅಲ್ಲಿ ಸಂಬಳ ತಗೊಳ್ತೀವಿ. ಚಿಪ್‌ನ ಟೇಬಲ್‌ನಲ್ಲಿ ಜಾಗ ಇಷ್ಟೇ ಅಂತ ಮಿತಿ ಹಾಕಿದರೆ ಅದನ್ನೂ ಒಪ್ತೀನಿ. ಸಿಸ್ಕೊ ತಾನೇ ಕಂಡುಹಿಡಿದ ಇಐಜಿಆರ್‌ಪಿಯನ್ನ ಎಷ್ಟು ಬೇಕಾದರೂ ಬೆಲೆಗೆ ಮಾರಿಕೊಳ್ಳಲಿ.

ಆದರೆ ಓಎಸ್‌ಪಿಎಫ್ ಆವೃತ್ತಿ 2 ಇರೋದು ಆರ್‌ಎಫ್‌ಸಿ 2328ರಲ್ಲಿ, 1998ರಲ್ಲಿ ಜಾನ್ ಮಾಯ್ ಬರೆದದ್ದು. ಪಿಮ್ ಸ್ಪಾರ್ಸ್ ಮೋಡ್ ಆರ್‌ಎಫ್‌ಸಿ 7761ರಲ್ಲಿದೆ. ಇಬ್ಬರೂ ನಿಮ್ಮ ಫೋನ್‌ನಲ್ಲೇ, ಈಗಲೇ, ಪುಕ್ಕಟೆ ಓದೋಕೆ ಸಿಗ್ತಾರೆ. ಎಲ್ಲ ಕಂಪನಿಯ ಡಬ್ಬಗಳೂ ಒಂದಕ್ಕೊಂದು ಮಾತಾಡಲಿ ಅಂತಲೇ ಇವನ್ನ ಬರೆದದ್ದು. ಡಬ್ಬ ಮಾರೋವಾಗ ‘ಓಎಸ್‌ಪಿಎಫ್ ಇದೆ’ ಅಂತ ದೊಡ್ಡಕ್ಷರದಲ್ಲಿ ಹಾಕಿ, ಮಿತಿಯನ್ನ ಡೇಟಾಶೀಟಿನ ಒಳಪುಟದ ಟೇಬಲ್‌ಗೆ ತಳ್ಳೋದಕ್ಕೆ ಟೆಸ್ಟಿಂಗ್ ಖರ್ಚು ಕಾರಣ ಆಗಲ್ಲ.

(5/5)
‘ಲ್ಯಾಬ್‌ನಲ್ಲಿ ಒಳ್ಳೇ ಸ್ವಿಚ್ ಇಲ್ಲ, ಕಲಿಯೋದು ಹೇಗೆ?’ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ಯಾ? ಎಫ್‌ಆರ್‌ಆರ್ ಹಾಕ್ಕೊಳ್ಳಿ. 2017ರಲ್ಲಿ ಕ್ವಾಗಾದಿಂದ ಕವಲೊಡೆದ ಮುಕ್ತ ತಂತ್ರಾಂಶ. ಓಎಸ್‌ಪಿಎಫ್, ಬಿಜಿಪಿ, ಪಿಮ್ ಎಲ್ಲ ಇದೆ, ಯಾವ ಮಟ್ಟವೂ ಇಲ್ಲ. ಕಮಾಂಡ್‌ಗಳು ಸಿಸ್ಕೊ ಥರಾನೇ ಇರ್ತವೆ. ಸ್ವಿಚ್‌ನ ಚಿಪ್ಪಿನ ವೇಗ ಸಿಗಲ್ಲ, ಕಲಿಯೋಕೆ ಅದು ಬೇಕಾಗಿಯೂ ಇಲ್ಲ.

ಮುಂದೆ ನಿಮ್ಮಲ್ಲಿ ಯಾರಾದರೂ ಕಾಲೇಜಿಗೋ ಆಸ್ಪತ್ರೆಗೋ ಟೆಂಡರ್ ಬರೆಯೋ ಕುರ್ಚಿಯಲ್ಲಿ ಕೂತರೆ, ‘ಲೇಯರ್ 3 ಸ್ವಿಚ್, 24 ಪೋರ್ಟ್’ ಅಂತ ಒಂದು ಸಾಲು ಬರೆದು ಸಹಿ ಹಾಕಬೇಡಿ. ಓಎಸ್‌ಪಿಎಫ್‌ಗೆ ಎಷ್ಟು ರೂಟ್, ಪಿಮ್ ಪೂರ್ತಿನಾ ಸ್ಟಬ್ಬಾ, ಕೋಟ್ ಮಾಡಿದ ಬೆಲೆಯ ಲೈಸೆನ್ಸ್‌ನಲ್ಲೇ ಬರುತ್ತಾ, ಲೈಸೆನ್ಸ್ ಅವಧಿ ಮುಗಿದ ಮೇಲೆ ಏನೇನು ಉಳಿಯುತ್ತೆ. ಇಷ್ಟನ್ನ ಬರವಣಿಗೆಯಲ್ಲಿ ಕೇಳಿ. ಸೇಲ್ಸ್‌ನವರು ಫೋನ್‌ನಲ್ಲಿ ‘ಎಲ್ಲಾ ಇದೆ ಸರ್’ ಅಂದರೆ, ‘ಅದನ್ನೇ ಮೇಲ್ ಮಾಡಿ’ ಅನ್ನಿ.

#ಕನ್ನಡದಲ್ಲಿನೆಟ್‌ವರ್ಕಿಂಗ್ #ಮಲ್ಟಿಕಾಸ್ಟ್ #ಡೇಟಾಶೀಟ್‌ಓದ್ರಪ್ಪಾ