ಸಿಗರೇಟ್ ಗಲ್ಲಾ ಮೇಲೆ, ವೇಪ್ ಮೇಲೆ ಬ್ಯಾನ್: ಇದು ಯಾರ ಆರೋಗ್ಯಕ್ಕೆ?

1/6
ಫೋಟೋದಲ್ಲಿರೋದು ಹಲಸೂರಿನ ಒಂದು ಮಾಮೂಲಿ ಕಾಂಡಿಮೆಂಟ್ಸ್. ನಿಮ್ಮ ಏರಿಯಾದಲ್ಲೂ ಹೀಗೇ ಇರುತ್ತೆ. ಮುಂದೆ ಬನ್ನು, ಬಿಸ್ಕತ್ತಿನ ಡಬ್ಬಿ, ಪಕ್ಕದಲ್ಲಿ ಟೀ ಫ್ಲಾಸ್ಕ್, ಹಿಂದೆ ಸಾಲಾಗಿ ಸಿಗರೇಟ್ ಪ್ಯಾಕು, ಕಂಬಕ್ಕೆ ದಾರ ಕಟ್ಟಿ ನೇತುಹಾಕಿರೋ ಲೈಟರ್. ಪ್ಯಾಕ್ ಮಾರೋದು ಕಾನೂನುಬದ್ಧ ವ್ಯಾಪಾರ. ಆದ್ರೆ ಇದೇ ಅಂಗಡಿಯವರು ಒಂದೇ ಒಂದು ವೇಪ್ ಮಾರಿದ್ರೂ, ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು, ಇಲ್ಲ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಎರಡನೇ ಸಲ ಸಿಕ್ಕಿಬಿದ್ರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ನನ್ನ ಅಭಿಪ್ರಾಯ ಸೀದಾ ಹೇಳ್ತೀನಿ: ಈ ನಿಷೇಧ ತಪ್ಪು. ವೇಪ್ ಒಳ್ಳೇದು ಅಂತ ಅಲ್ಲ. ಹೆಚ್ಚು ಹಾನಿ ಮಾಡೋದನ್ನ ಗಲ್ಲಾ ಮೇಲೆ ಬಿಟ್ಟು, ಕಡಿಮೆ ಹಾನಿಯದನ್ನ ಕಳ್ಳಮಾರ್ಕೆಟ್‌ಗೆ ತಳ್ಳಿರೋದಕ್ಕೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡ್ತೀನಿ. ನೀವು ಏನೂ ಸೇದಲ್ಲ ಅಂದ್ರೆ ದಯವಿಟ್ಟು ಇದನ್ನೂ ಶುರು ಮಾಡಬೇಡಿ. ನಿಕೋಟಿನ್ ಚಟ ಹಿಡಿಸುತ್ತೆ, ಅದ್ರಲ್ಲಿ ಡೌಟೇ ಇಲ್ಲ. ನಾನು ಬರೀತಿರೋದು ಈಗಾಗಲೇ ದಮ್ ಹೊಡೀತಿರೋರ ಬಗ್ಗೆ. ಅಂಥೋರು ನಮ್ಮ ಕ್ಲಾಸಲ್ಲೂ ಇದಾರೆ, ನಿಮ್ಮ ಮನೇಲೂ ಇರಬಹುದು. ಸ್ವೈಪ್ ಮಾಡಿ.

2/6
ಮೊದಲು ಕಥೆ ಏನಾಯ್ತು ಅಂತ.

ದೇಶಕ್ಕಿಂತ ಮೊದಲು ಬ್ಯಾನ್ ಮಾಡಿದ್ದು ನಮ್ಮ ಕರ್ನಾಟಕ, 2016ರ ಜೂನ್‌ನಲ್ಲಿ. ಮೂರು ವರ್ಷ ಆದ್ಮೇಲೆ ಕೇಂದ್ರದ ಸರದಿ. 2019ರ ಮೇ ಕೊನೆಗೆ ಐಸಿಎಂಆರ್ ಶ್ವೇತಪತ್ರ ಹೊರಡಿಸಿ ಪೂರ್ತಿ ನಿಷೇಧ ಬೇಕು ಅಂತು. ಸೆಪ್ಟೆಂಬರ್ 18ಕ್ಕೆ ನಿರ್ಮಲಾ ಸೀತಾರಾಮನ್ ಅವರು ಸುಗ್ರೀವಾಜ್ಞೆಯ ತೀರ್ಮಾನ ಪ್ರಕಟಿಸಿದ್ರು. ಡಿಸೆಂಬರ್‌ಗೆ ಕಾಯ್ದೆಯೇ ಆಗೋಯ್ತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನು, ಎಲ್ಲಾ ಬಂದ್.

ಆ ಹೊತ್ತಲ್ಲಿ ಅಮೆರಿಕದಲ್ಲಿ ಏನಾಗ್ತಿತ್ತು ನೆನಪಿದೆಯಾ? ವೇಪ್ ಸೇದಿದವರ ಶ್ವಾಸಕೋಶ ಕೆಡ್ತಿದೆ ಅಂತ ದಿನಾ ಸುದ್ದಿ. 2020ರ ಫೆಬ್ರವರಿ ಹೊತ್ತಿಗೆ 2,800ಕ್ಕೂ ಹೆಚ್ಚು ಕೇಸು, 68 ಸಾವು. ಸಣ್ಣ ವಿಷಯ ಅಲ್ಲ. ಆದ್ರೆ ತನಿಖೆ ಮುಂದುವರಿದ ಹಾಗೆ ಬೆರಳು ತಿರುಗಿದ್ದು ಮುಖ್ಯವಾಗಿ ಗಾಂಜಾ ಅಂಶ ಇರೋ, ಕಳ್ಳದಾರೀಲಿ ಬಂದ ಕಾರ್ಟ್ರಿಜ್‌ಗಳ ಕಡೆಗೆ, ಅದರೊಳಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಕಡೆಗೆ. ಅಂದ್ರೆ ಯಾರೂ ಪರೀಕ್ಷೆ ಮಾಡದ ಮಾಲು ಜನರನ್ನ ಕೊಂದಿತು. ಅದರಿಂದ ನಾವು ಕಲಿತ ಪಾಠ ಏನು? ಎಲ್ಲಾ ಮಾಲನ್ನೂ ಯಾರೂ ಪರೀಕ್ಷೆ ಮಾಡದ ಮಾರ್ಕೆಟ್‌ಗೆ ಕಳಿಸೋದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ.

3/6
"ಎರಡೂ ನಿಕೋಟಿನ್ ತಾನೇ, ಏನು ವ್ಯತ್ಯಾಸ?" ಅಂತ ಕೇಳೋರಿಗೆ.

ವ್ಯತ್ಯಾಸ ಬೆಂಕಿಯದು. ಸಿಗರೇಟ್, ಬೀಡಿಯಲ್ಲಿ ಎಲೆ ಸುಡುತ್ತೆ. ಸುಟ್ಟಾಗ ಟಾರ್ ಬರುತ್ತೆ, ಕಾರ್ಬನ್ ಮಾನಾಕ್ಸೈಡ್ ಬರುತ್ತೆ, ಕ್ಯಾನ್ಸರ್ ತರೋ ಹತ್ತಾರು ರಾಸಾಯನಿಕ ಬರುತ್ತೆ. ನಿಕೋಟಿನ್ ನಿಮ್ಮನ್ನ ಮತ್ತೆ ಮತ್ತೆ ಅಂಗಡಿಗೆ ಕರೆಸುತ್ತೆ, ಆದ್ರೆ ಬಹುಪಾಲು ಕೊಲ್ಲೋದು ಆ ಹೊಗೆ. ವೇಪ್‌ನಲ್ಲಿ ಎಲೆ ಸುಡೋದಿಲ್ಲ, ದ್ರವ ಬಿಸಿಯಾಗಿ ಆವಿ ಆಗುತ್ತೆ. ಆ ಆವಿ ಶುದ್ಧ ಗಾಳಿ ಅಲ್ಲ, ಹತ್ತಿಪ್ಪತ್ತು ವರ್ಷ ಸೇದಿದ್ರೆ ಏನಾಗುತ್ತೆ ಅನ್ನೋದಕ್ಕೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಆದ್ರೆ ಹೊಗೆಗೂ ಅದಕ್ಕೂ ಹೋಲಿಕೆ ಇಲ್ಲ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸಂಸ್ಥೆ 2015ರಲ್ಲಿ ವೇಪ್‌ನ ಹಾನಿ ಸಿಗರೇಟಿಗಿಂತ ಸುಮಾರು ಶೇ 95 ಕಡಿಮೆ ಅಂತ ಅಂದಾಜು ಕೊಟ್ಟಿತು. ಆ ಅಂಕಿ ಮೇಲೆ ಆಗಲೇ ತಕರಾರು ಎದ್ದಿತ್ತು, ಅದನ್ನ ಅಳತೆ ಪಟ್ಟಿ ಥರ ಹಿಡ್ಕೋಬೇಡಿ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇದೆ. ಕಾಕ್ರೇನ್ ಅನ್ನೋ ಸಂಸ್ಥೆ ಪ್ರಪಂಚದ ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ಜರಡಿ ಹಿಡಿಯುತ್ತೆ. ಸಿಗರೇಟ್ ಬಿಡೋದಕ್ಕೆ ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚ್‌ಗಿಂತ ನಿಕೋಟಿನ್ ಇರೋ ವೇಪ್ ಹೆಚ್ಚು ಜನಕ್ಕೆ ಸಹಾಯ ಮಾಡುತ್ತೆ ಅಂತ ಅವರ ತೀರ್ಮಾನ.

ನ್ಯೂಜಿಲೆಂಡ್ ವೇಪ್‌ನ ಕಾನೂನಿನ ಒಳಗೇ ಇಟ್ಕೊಂಡಿತು. ಅಲ್ಲಿ ದಿನಾ ಸಿಗರೇಟ್ ಸೇದೋ ದೊಡ್ಡವರು 2011-12ರಲ್ಲಿ ಶೇ 16.4 ಇದ್ರು, 2023-24ಕ್ಕೆ ಶೇ 6.9. ಎಲ್ಲಾ ವೇಪ್‌ನಿಂದಲೇ ಅಲ್ಲ, ಸಿಗರೇಟ್ ತೆರಿಗೆಯೂ ಜೋರಾಗಿ ಏರಿತ್ತು. ಆದ್ರೆ ಗಮನಿಸಿ: ಒಂದು ಬಾಗಿಲು ಮುಚ್ಚಿದಾಗ ಹೊರಗೆ ಹೋಗೋಕೆ ಇನ್ನೊಂದು ಬಾಗಿಲು ತೆರೆದಿತ್ತು.

4/6
ಈಗ ನಮ್ಮ ಸರ್ಕಾರಗಳ ಕಡೆ ನೋಡಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯೋ ವರ್ಜೀನಿಯಾ ತಂಬಾಕನ್ನ ಹರಾಜು ಹಾಕಿಸೋದು ತಂಬಾಕು ಮಂಡಳಿ. ಅದು 1975ರ ಕಾಯ್ದೆಯಡಿ ಹುಟ್ಟಿದ ಕೇಂದ್ರ ಸರ್ಕಾರದ ಸಂಸ್ಥೆ. ದೇಶದ ಅತಿ ದೊಡ್ಡ ಸಿಗರೇಟ್ ಕಂಪನಿ ಐಟಿಸಿಯಲ್ಲಿ ಸರ್ಕಾರಿ ಎಲ್‌ಐಸಿ ದೊಡ್ಡ ಷೇರುದಾರ. ನಮ್ಮ ಕಂಟೋನ್ಮೆಂಟ್ ಪಕ್ಕದ ಪುಲಕೇಶಿನಗರದಲ್ಲೇ ಆ ಕಂಪನಿಯ ಸಿಗರೇಟ್ ಕಾರ್ಖಾನೆ ದಶಕಗಟ್ಟಲೆ ನಡೀತು. ಇನ್ನು ಬೀಡಿ? 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟ್ ದರವನ್ನ ಶೇ 40ಕ್ಕೆ ಏರಿಸೋಕೆ ತೀರ್ಮಾನ ಮಾಡ್ತು, ಅದೇ ಸಭೆಯಲ್ಲಿ ಬೀಡಿ ದರವನ್ನ ಶೇ 28ರಿಂದ 18ಕ್ಕೆ ಇಳಿಸೋಕೂ ತೀರ್ಮಾನ ಮಾಡ್ತು.

ರೈತರ, ಬೀಡಿ ಕಟ್ಟೋ ಹೆಂಗಸರ ಹೊಟ್ಟೆಪಾಡು ಇದೆ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಹೊಟ್ಟೆಪಾಡಿಗೋಸ್ಕರ ಬೀಡಿ ಜೊತೆ ಹೊಂದಾಣಿಕೆ ಮಾಡ್ಕೊಳೋ ಸರ್ಕಾರ, ಸಿಗರೇಟ್ ಬಿಡೋಕೆ ಒದ್ದಾಡೋ ಮನುಷ್ಯನ ಜೊತೆ ಯಾಕೆ ಒಂದು ಇಂಚೂ ಹೊಂದಿಕೊಳ್ಳಲ್ಲ? 2016-17ರ ಸಮೀಕ್ಷೆ ಪ್ರಕಾರ ಕರ್ನಾಟಕದ ದೊಡ್ಡವರಲ್ಲಿ ಶೇ 22.8 ಜನ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸ್ತಾರೆ. ತಂಬಾಕಿನಿಂದ ದೇಶದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಸಾವು. ಇದು ನಿಧಾನವಾಗಿ ನಡೆಯೋದ್ರಿಂದ ಬ್ರೇಕಿಂಗ್ ನ್ಯೂಸ್ ಆಗಲ್ಲ, ಅಷ್ಟೇ.

5/6
"ಮಕ್ಕಳು ಹಾಳಾಗ್ತಾರೆ." ವಿರೋಧಿಗಳ ಅತಿ ಗಟ್ಟಿ ವಾದ ಇದು, ಇದಕ್ಕೆ ಹಾರಿಕೆ ಉತ್ತರ ಕೊಡಲ್ಲ. ಬಣ್ಣಬಣ್ಣದ ಡಬ್ಬಿ, ಮಾವು, ಕಲ್ಲಂಗಡಿ ಫ್ಲೇವರ್, ಯೂಸ್ ಅಂಡ್ ಥ್ರೋ ವೇಪ್, ಇವೆಲ್ಲ ಹೈಸ್ಕೂಲ್ ಹುಡುಗರಿಗೆ ಬೀಸಿದ ಬಲೆಯೇ. ಬ್ರಿಟನ್‌ನಲ್ಲೂ ಹುಡುಗರು ಇದಕ್ಕೆ ಬಿದ್ರು. ಅಲ್ಲಿ ಸರ್ಕಾರ 2025ರ ಜೂನ್ 1ರಿಂದ ಯೂಸ್ ಅಂಡ್ ಥ್ರೋ ವೇಪ್ ನಿಲ್ಲಿಸಿತು. ಆದ್ರೆ ದೊಡ್ಡವರಿಗೆ ಸಿಗರೇಟ್ ಬಿಡೋಕೆ ಬೇಕಾದದ್ದನ್ನ ಉಳಿಸಿತು.

ನಮ್ಮಲ್ಲಿ ಬ್ಯಾನ್ ಆಗಿ ಇಷ್ಟು ವರ್ಷ ಆದ್ಮೇಲೆ ಏನು ಕಾಣ್ತಿದೆ? ಶನಿವಾರ ರಾತ್ರಿ ಇಂದಿರಾನಗರದ 100 ಅಡಿ ರಸ್ತೇಲಿ ನಡೀರಿ, ಹಣ್ಣಿನ ವಾಸನೆಯ ಆವಿ ಮುಖಕ್ಕೇ ಬಡಿಯುತ್ತೆ. ಆ ಮಾಲು ಮಾರೋನು ವಯಸ್ಸು ಕೇಳಲ್ಲ, ಬಿಲ್ ಕೊಡಲ್ಲ. ಒಳಗೆ ಎಷ್ಟು ನಿಕೋಟಿನ್, ಏನು ಬೆರಕೆ, ಯಾರಿಗೂ ಗೊತ್ತಿಲ್ಲ. ಕಾಂಡಿಮೆಂಟ್ಸ್ ಅಂಕಲ್‌ಗಾದ್ರೂ ಲೈಸೆನ್ಸ್ ಹೋಗೋ ಭಯ ಇರುತ್ತೆ. ಇವನಿಗೆ ಕಳ್ಕೊಳೋಕೆ ಲೈಸೆನ್ಸೇ ಇಲ್ಲ.

ಕರ್ನಾಟಕ 2025ರಲ್ಲಿ ತಂಬಾಕು ಕಾನೂನು ತಿದ್ದುಪಡಿ ಜಾರಿ ಮಾಡಿ, ಖರೀದಿ ವಯಸ್ಸನ್ನ 18ರಿಂದ 21ಕ್ಕೆ ಏರಿಸಿತು, ಬಿಡಿ ಸಿಗರೇಟ್ ಮಾರಾಟ ನಿಲ್ಲಿಸಿತು, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡವನ್ನ 200ರಿಂದ 1,000 ರೂಪಾಯಿ ಮಾಡಿತು. ವಯಸ್ಸಿನ ನಿಯಮಕ್ಕೆ ನನ್ನ ವಿರೋಧ ಇಲ್ಲ. ನಮ್ಮ ಕ್ಲಾಸಲ್ಲಿ ಎಷ್ಟೋ ಜನಕ್ಕೆ ಇನ್ನೂ 21 ತುಂಬಿಲ್ಲ, ಅಂಗಡಿಯವರು ನಮಗೆ ಇಲ್ಲ ಅನ್ನಲೇಬೇಕು. ಆದ್ರೆ ವಯಸ್ಸು ಕೇಳಬೇಕು ಅಂದ್ರೆ ಕೇಳೋಕೆ ಒಂದು ಅಂಗಡಿ ಇರಬೇಕಲ್ವಾ?

6/6
ಹಾಗಾದ್ರೆ ಏನು ಬೇಕು? ನನ್ನ ಪಟ್ಟಿ:

• ಲೈಸೆನ್ಸ್ ಇರೋ ಅಂಗಡಿ ಅಥವಾ ಮೆಡಿಕಲ್ ಸ್ಟೋರ್‌ನಲ್ಲಿ ಮಾತ್ರ ಮಾರಾಟ, 21 ದಾಟಿದೋರಿಗೆ ಮಾತ್ರ, ಐಡಿ ಕಡ್ಡಾಯ.
• ನಿಕೋಟಿನ್‌ಗೆ ಮಿತಿ. ಬ್ರಿಟನ್‌ನಲ್ಲಿ ಮಿಲಿ ಲೀಟರ್‌ಗೆ 20 ಮಿಲಿ ಗ್ರಾಂ, ಅದೇ ನಮಗೂ ಸಾಕು.
• ಯೂಸ್ ಅಂಡ್ ಥ್ರೋ ಬೇಡ. ಕಾರ್ಟೂನ್ ಡಬ್ಬಿ ಬೇಡ. ಜಾಹೀರಾತು ಬೇಡ, ಇನ್‌ಫ್ಲುಯೆನ್ಸರ್ ರೀಲ್ಸೂ ಬೇಡ.
• ಅಪಾಯಕ್ಕೆ ತಕ್ಕಷ್ಟು ತೆರಿಗೆ.

ಕೊನೇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾಳೆ ಬ್ಯಾನ್ ಎತ್ತಿದ್ರೂ "ಪಾಪದ ವಸ್ತು, ಹಾಕಿ ತೆರಿಗೆ" ಅಂತಾರೆ. ಅಮೆರಿಕದ ಮಿನ್ನೆಸೋಟಾ ರಾಜ್ಯ ವೇಪ್ ಮೇಲೆ ಸಗಟು ಬೆಲೆಯ ಶೇ 95 ತೆರಿಗೆ ಹಾಕಿತ್ತು. ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ, ಆ ತೆರಿಗೆಯಿಂದ ಸಿಗರೇಟ್ ಬಿಡೋ ದೊಡ್ಡವರ ಸಂಖ್ಯೆ ಕಡಿಮೆ ಆಗಿತ್ತು. ನಮ್ಮೂರಲ್ಲಿ ಹಾಗೆ ಮಾಡಿದ್ರೆ ಏನಾಗುತ್ತೆ ಯೋಚಿಸಿ. ಇಂದಿರಾನಗರದ ಸಾಫ್ಟ್‌ವೇರ್ ಅಣ್ಣ ದುಡ್ಡು ಕೊಟ್ಟು ತಗೋತಾನೆ. ರಸೆಲ್ ಮಾರ್ಕೆಟ್‌ನಲ್ಲಿ ಮೂಟೆ ಹೊರೋರು, ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಹತ್ರ ಬಾಡಿಗೆಗೆ ಕಾಯೋ ಆಟೋದೋರು ಬೀಡಿಯಲ್ಲೇ ಉಳೀತಾರೆ. ಶ್ವಾಸಕೋಶ ಎಲ್ಲರದೂ ಒಂದೇ ಥರದ್ದು.

ಬಿಡಬೇಕು ಅಂತ ಇರೋರಿಗೆ ಈಗಲೇ ಇರೋ ದಾರಿ: 1800-11-2356, ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಕಾಲ್ ಫ್ರೀ. ನಮ್ಮ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ. ನಿಕೋಟಿನ್ ಗಮ್ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತೆ. ಅದು ಕೆಲಸ ಮಾಡಿದ್ರೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ಕೆಲಸ ಮಾಡದೇ ಇರೋರಿಗೆ ಇನ್ನೊಂದು ದಾರಿ ಇರಲಿ ಅನ್ನೋದಷ್ಟೇ ನನ್ನ ವಾದ.

ಒಪ್ಪಲ್ವಾ? ಕಾಮೆಂಟಲ್ಲಿ ಬನ್ನಿ, ಬೈದ್ರೂ ಪರವಾಗಿಲ್ಲ, ಕಾರಣ ಕೊಟ್ಟು ಬೈಯಿರಿ. "ಎಲ್ಲಿ ಸಿಗುತ್ತೆ ಗುರು" ಅಂತ ಡಿಎಂ ಮಾತ್ರ ಮಾಡಬೇಡಿ, ಬ್ಲಾಕ್ ಮಾಡ್ತೀನಿ.

#ಕನ್ನಡದಲ್ಲಿಮಾತಾಡೋಣ #ನಿಷೇಧಅಲ್ಲನಿಯಂತ್ರಣ #ಹಲಸೂರು #ಬೆಂಗಳೂರು