ಹೆಣದ ಪಕ್ಕ ನಿಂತು ನಗಬಹುದೆ?

ಶೇನ್ ಬ್ಲ್ಯಾಕ್ ನಿರ್ದೇಶನದ ‘ದಿ ನೈಸ್ ಗೈಸ್’ 2016ರ ಮೇ ತಿಂಗಳಲ್ಲಿ ತೆರೆಕಂಡಾಗ ಜನ ಅದರತ್ತ ಹೆಚ್ಚು ಸುಳಿಯಲಿಲ್ಲ. ಸುಮಾರು 5 ಕೋಟಿ ಡಾಲರ್ ಸುರಿದು ತೆಗೆದ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು 6 ಕೋಟಿ ಡಾಲರಿಗಿಂತ ತುಸು ಹೆಚ್ಚು. ಚಿತ್ರಮಂದಿರಗಳ ಪಾಲು ಕಳೆದರೆ ಅದು ನಷ್ಟದ ಬಾಬ್ತು. ಅಮೆರಿಕದಲ್ಲಿ ಅದೇ ವಾರ ಬಿಡುಗಡೆಯಾದ ‘ಆಂಗ್ರಿ ಬರ್ಡ್ಸ್’ ಕಾರ್ಟೂನ್ ಚಿತ್ರ ಅದನ್ನು ಗಲ್ಲಾಪೆಟ್ಟಿಗೆಯಲ್ಲಿ ಹಿಂದೆ ಹಾಕಿತು. ಆಮೇಲೆ ಮನೆಯ ಟೀವಿ, ಮೊಬೈಲುಗಳಲ್ಲಿ ನೋಡಿದವರು ಒಬ್ಬರಿಗೊಬ್ಬರು ಹೇಳಿ ಹೇಳಿ ಚಿತ್ರಕ್ಕೆ ದೊಡ್ಡ ಅಭಿಮಾನಿ ಬಳಗವೇ ಹುಟ್ಟಿಕೊಂಡಿದೆ. ಇದರ ಎರಡನೆಯ ಭಾಗ ಯಾಕೆ ಬರಲಿಲ್ಲ ಎಂದು ಕೊರಗುವವರು ಅವರು. ಹೆಣ್ಣುಮಕ್ಕಳ ಹೆಣ ಬೀಳಿಸಿ ಗಂಡಸರಿಬ್ಬರನ್ನು ನಗಿಸುವುದು ಎಂಥ ತಮಾಷೆ ಎಂದು ಅರ್ಧಕ್ಕೇ ಎದ್ದವರೂ ಇದ್ದಾರೆ. ಎರಡೂ ಮಾತುಗಳಲ್ಲಿ ಹುರುಳಿದೆ. ನನಗೆ ಈ ಚಿತ್ರ ತುಂಬ ಇಷ್ಟ; ಆದ್ದರಿಂದಲೇ ಇಷ್ಟಪಡದವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು ಅನಿಸುತ್ತದೆ.

ಕಥೆ ನಡೆಯುವುದು 1977ರ ಲಾಸ್ ಏಂಜಲೀಸಿನಲ್ಲಿ. ಹಾಲೆಂಡ್ ಮಾರ್ಚ್ (ರಯಾನ್ ಗಾಸ್ಲಿಂಗ್) ಲೈಸೆನ್ಸು ಇರುವ ಖಾಸಗಿ ಪತ್ತೇದಾರ, ಕುಡುಕ, ಹೆಂಡತಿ ಸತ್ತವನು. ಮರೆವಿನ ಮುದುಕಿಯರಿಂದ ದುಡ್ಡು ಕೀಳುವುದು ಅವನ ದಂಧೆ. ಗಂಡ ಕಾಣೆಯಾಗಿದ್ದಾನೆ ಎಂದು ಬಂದ ಒಬ್ಬಾಕೆಯ ಗಂಡ ಅವಳದೇ ಮನೆಯ ಗೂಡಿನ ಮೇಲೆ ಅಸ್ಥಿಕಲಶದಲ್ಲಿದ್ದಾನೆ. ಅದು ಕಣ್ಣಿಗೆ ಬಿದ್ದರೂ ಇವನು ಕೇಸು ಹಿಡಿಯುತ್ತಾನೆ. ಜಾಕ್ಸನ್ ಹೀಲಿ (ರಸೆಲ್ ಕ್ರೋ) ಲೈಸೆನ್ಸು ಇಲ್ಲದವನು. ದುಡ್ಡು ಕೊಟ್ಟರೆ ಹೇಳಿದವರಿಗೆ ನಾಲ್ಕು ಬಿಗಿದು ಬರುತ್ತಾನೆ. ಇಬ್ಬರ ಮೊದಲ ಭೇಟಿ ಮಾರ್ಚ್‌ನ ಮನೆಬಾಗಿಲಲ್ಲಿ. ಅಮೇಲಿಯಾ ಎಂಬ ಹುಡುಗಿಯನ್ನು ಹುಡುಕುವುದು ಬಿಡು ಎಂದು ಎಚ್ಚರಿಸಲು ಬಂದ ಹೀಲಿ ಅವನ ಎಡಗೈ ಮುರಿಯುತ್ತಾನೆ. ಮುರಿಯುವ ಮುನ್ನ, ಡಾಕ್ಟರ ಹತ್ತಿರ ಹೋದಾಗ ಯಾವ ಮೂಳೆ, ಯಾವ ಬಗೆಯ ಮುರಿತ ಎಂದು ಹೇಳಬೇಕೆನ್ನುವುದನ್ನೂ ತಿಳಿಸುತ್ತಾನೆ. ಅದರ ಬೆನ್ನಿಗೆ ಮಾರ್ಚ್‌ನ ಗಂಟಲಿಂದ ಹೊರಡುವ ಕೀರಲು ಚೀರಾಟ ಕೇಳಿದ ಮೇಲೆ ಇವನನ್ನು ಧೀರ ನಾಯಕ ಎಂದು ಯಾರೂ ಅಂದುಕೊಳ್ಳಲಾರರು.

ಚಿತ್ರವನ್ನು ಮೆಚ್ಚುವವರ ಮೊದಲ ವಾದ ಇಲ್ಲಿಂದಲೇ ಶುರು. ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಪತ್ತೇದಾರ ಎಂದರೆ ಬುದ್ಧಿ, ಗುಂಡಿಗೆ ಎರಡೂ ಇರುವವನು. ಮಾರ್ಚ್‌ಗೆ ಎರಡೂ ಕೈಕೊಡುತ್ತವೆ. ಗಾಜು ಒಡೆದು ಒಳಗೆ ನುಗ್ಗುವ ಪತ್ತೇದಾರರನ್ನು ಎಷ್ಟು ಸಿನಿಮಾಗಳಲ್ಲಿ ನೋಡಿಲ್ಲ? ಇವನು ಮುಷ್ಟಿಗೆ ಬಟ್ಟೆ ಸುತ್ತಿ ಕಿಟಕಿ ಗುದ್ದಿದರೆ ಕೈ ಸೀಳಿ, ರಕ್ತ ಚಿಮ್ಮಿ, ಆಸ್ಪತ್ರೆ ಸೇರುತ್ತಾನೆ. ಗಾಸ್ಲಿಂಗ್‌ನ ಆಂಗಿಕ ಹಾಸ್ಯಕ್ಕೆ ಪಾಯಿಖಾನೆಯ ಆ ಒಂದು ದೃಶ್ಯ ಸಾಕು. ಕೂತಲ್ಲಿಗೇ ಹೀಲಿ ಬಂದು ನಿಂತಿದ್ದಾನೆ. ಒಂದು ಕೈಯಲ್ಲಿ ಪಿಸ್ತೂಲು ಹಿಡಿಯಬೇಕು, ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ತಡೆಯಬೇಕು, ಮರ್ಯಾದೆಗೆ ಪತ್ರಿಕೆ ಅಡ್ಡ ಹಿಡಿಯಬೇಕು, ಇನ್ನೊಂದು ಕೈಗೆ ಪ್ಲಾಸ್ಟರು, ಮೇಲೆ ಸಿಗರೇಟು. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಮಾತಿನ ಹಂಗಿಲ್ಲದ ಈ ನಗು ಮೂಕಿ ಚಿತ್ರಗಳ ಕಾಲದ್ದು. ಗುಡ್ಡದಿಂದ ಉರುಳಿ ಹೆಣದ ಪಕ್ಕ ಬಿದ್ದು, ಕೂಗಲು ಬಾಯಿ ತೆರೆದರೂ ದನಿ ಹೊರಡದೆ ಒದ್ದಾಡುವಾಗ ಅಬಟ್–ಕಾಸ್ಟೆಲೋ ಜೋಡಿಯ ಲೂ ಕಾಸ್ಟೆಲೋ ನೆನಪಾಗುತ್ತಾನೆ. ಇದರ ಪಕ್ಕದಲ್ಲಿ ಕ್ರೋ ಕಲ್ಲಿನಂತೆ ನಿಲ್ಲುತ್ತಾನೆ. ಅವನು ನಗಿಸಲು ಏನೂ ಮಾಡುವುದಿಲ್ಲ, ಬೇಸರದಿಂದ ನೋಡುತ್ತಾನೆ ಅಷ್ಟೆ. ಜೋಡಿ ಚಿತ್ರಗಳು ಗೆಲ್ಲುವುದು ಇಂಥ ಹೊಂದಾಣಿಕೆಯಿಂದ. 1987ರ ‘ಲೀಥಲ್ ವೆಪನ್’ ಬರೆದ ಬ್ಲ್ಯಾಕ್‌ಗೆ ಇದು ಕರತಲಾಮಲಕ.

ಎರಡನೆಯ ವಾದ ಕಾಲದ್ದು. ಹಳೆಯ ಕಾಲವನ್ನು ತೆರೆಗೆ ತರುವಾಗ ಹೆಚ್ಚಿನ ಚಿತ್ರಗಳು ಬೆಲ್ ಬಾಟಂ ಪ್ಯಾಂಟು, ಅಗಲ ಕಾಲರು, ಉದ್ದ ಕಾರುಗಳಲ್ಲೇ ತೃಪ್ತಿ ಕಾಣುತ್ತವೆ. ಅದರಲ್ಲಿ ತಪ್ಪೇನಿಲ್ಲ, ಜಯತೀರ್ಥರ ‘ಬೆಲ್ ಬಾಟಂ’ (2019) ಎಂಬತ್ತರ ದಶಕದ ದಿರಿಸು, ಪತ್ತೇದಾರಿಕೆಯ ಹುಚ್ಚು ಎರಡನ್ನೂ ಪ್ರೀತಿಯಿಂದ ಬಳಸಿ ನಮ್ಮನ್ನು ರಂಜಿಸಿತು. ಆದರೆ ‘ದಿ ನೈಸ್ ಗೈಸ್’ನಲ್ಲಿ ಕಾಲವೇ ಅಪರಾಧದ ಮೂಲ. ಚಿತ್ರ ಶುರುವಾಗುವುದೇ ಮುರಿದು ಜೋತಾಡುವ ಹಾಲಿವುಡ್ ಫಲಕದ ಹಿಂಬದಿಯಿಂದ. ನಿಜಕ್ಕೂ ಆ ಫಲಕ ಆಗ ಹಾಗೇ ಶಿಥಿಲವಾಗಿತ್ತು. ಹೊಸದನ್ನು ಕಟ್ಟಿದ್ದು 1978ರಲ್ಲಿ. ಊರ ಮೇಲೆ ಹೊಗೆ ಮುಸುಕಿದೆ. ಗಾಳಿ ಕೆಟ್ಟಿದೆ ಎಂದು ಹುಡುಗ ಹುಡುಗಿಯರು ಸತ್ತವರಂತೆ ಮಲಗಿ ಪ್ರತಿಭಟಿಸುತ್ತಾರೆ. ಕೊಲೆಗಳ ಎಳೆ ಹಿಡಿದು ಹೋದರೆ ಕೊನೆಗೆ ಸಿಗುವುದು ಡೆಟ್ರಾಯ್ಟ್‌ನ ಕಾರು ಕಂಪನಿಗಳು: ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾರುಗಳಿಗೆ ಹಾಕದಿರಲು ಅವು ಒಳಗೊಳಗೇ ಮಾಡಿಕೊಂಡ ಒಪ್ಪಂದ.

ಇದು ಪೂರ್ತಿ ಕಟ್ಟುಕತೆಯಲ್ಲ. 1969ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಜನರಲ್ ಮೋಟರ್ಸ್, ಫೋರ್ಡ್, ಕ್ರೈಸ್ಲರ್, ಅಮೆರಿಕನ್ ಮೋಟರ್ಸ್ ಮತ್ತು ಅವುಗಳ ಸಂಘದ ಮೇಲೆ ಮೊಕದ್ದಮೆ ಹೂಡಿತ್ತು. ಹೊಗೆ ತಗ್ಗಿಸುವ ಸಾಧನಗಳನ್ನು ರೂಪಿಸಿ ಅಳವಡಿಸುವುದರಲ್ಲಿ ಪೈಪೋಟಿಯೇ ಇರದಂತೆ ಇವರೆಲ್ಲ ಸೇರಿ ಸಂಚು ಮಾಡಿದ್ದಾರೆ ಎನ್ನುವುದು ಆರೋಪ. ಅದೇ ವರ್ಷ ಅದು ರಾಜಿಯಲ್ಲಿ ಮುಗಿಯಿತು. ವಿಚಾರಣೆ ನಡೆಯಲೇ ಇಲ್ಲ. ಚಿತ್ರದ ಕೊನೆಯಲ್ಲೂ ಕಂಪನಿಗಳು ಸಾಕ್ಷ್ಯ ಸಾಲದೆಂದು ಪಾರಾಗುತ್ತವೆ. ಕಳ್ಳ ಸಿಕ್ಕಿಬಿದ್ದು ಶುಭಂ ಹೇಳುವ ಹಾಸ್ಯಚಿತ್ರಗಳ ನಡುವೆ ಈ ಕಹಿಯನ್ನು ಉಳಿಸಿಕೊಂಡಿದ್ದು ಸಣ್ಣ ಮಾತಲ್ಲ.

ಕಾಲದ ವಿಷಯದಲ್ಲೇ ಎದುರು ವಾದವೂ ಇದೆ. 1970ರ ಶುದ್ಧ ಗಾಳಿ ಕಾಯ್ದೆಯ ಒತ್ತಡಕ್ಕೆ ಮಣಿದು 1975ರ ಮಾದರಿಗಳಿಂದಲೇ ಅಮೆರಿಕದ ಹೆಚ್ಚಿನ ಹೊಸ ಕಾರುಗಳಿಗೆ ಆ ಸಾಧನ ಬಂದಾಗಿತ್ತು. 1977ರ ಹೊತ್ತಿಗೆ ಅದನ್ನು ಮುಚ್ಚಿಡುವ ಸಂಚು ಎಂದರೆ ಇತಿಹಾಸ ಬಲ್ಲವರು ಹುಬ್ಬೇರಿಸುತ್ತಾರೆ. ಹತ್ತು ವರ್ಷ ಹಿಂದಿನ ಅಪರಾಧವನ್ನು ಡಿಸ್ಕೊ ಯುಗದ ಬಟ್ಟೆಗಾಗಿ ಮುಂದಕ್ಕೆ ಎಳೆದುತಂದರು ಎಂಬ ಆಕ್ಷೇಪಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಕಥೆಯ ಹೆಣಿಗೆಯೂ ಸಡಿಲ. ಯಾರು ಯಾರನ್ನು ಯಾಕೆ ಕೊಂದರು ಎಂದು ಕೇಳಿದರೆ, ಚಿತ್ರ ಮುಗಿಸಿ ಬಂದವರಲ್ಲಿ ಅನೇಕರು ತಡವರಿಸುತ್ತಾರೆ. ಇದನ್ನು ನಾನು ಹೆಚ್ಚು ಹಚ್ಚಿಕೊಳ್ಳುವುದಿಲ್ಲ. ಲಾಸ್ ಏಂಜಲೀಸಿನ ಪತ್ತೇದಾರಿ ಕಥೆಗಳಿಗೆ ಗೋಜಲು ಹುಟ್ಟಿನಿಂದಲೇ ಬಂದದ್ದು.

ಹಚ್ಚಿಕೊಳ್ಳಬೇಕಾದ ಆಕ್ಷೇಪ ಬೇರೆಯೇ ಇದೆ. ಮೊದಲ ದೃಶ್ಯ ನೋಡಿ. ನಡುರಾತ್ರಿ ಹುಡುಗನೊಬ್ಬ ಅಪ್ಪನ ಮಂಚದ ಕೆಳಗಿಂದ ಬೆತ್ತಲೆ ಚಿತ್ರಗಳ ಪತ್ರಿಕೆ ಕದ್ದು ತಂದು ತಿರುವುತ್ತಿದ್ದಾನೆ. ಅಷ್ಟರಲ್ಲಿ ಗುಡ್ಡದ ರಸ್ತೆಯಿಂದ ಹಾರಿದ ಕಾರು ಅವನ ಮನೆಯನ್ನೇ ಸೀಳಿಕೊಂಡು ಹೋಗಿ ಹಿತ್ತಲಿನಾಚೆ ಬೀಳುತ್ತದೆ. ಓಡಿಹೋಗಿ ನೋಡಿದರೆ, ಪತ್ರಿಕೆಯಲ್ಲಿದ್ದ ಅದೇ ನೀಲಿಚಿತ್ರದ ನಟಿ ಮಿಸ್ಟಿ ಮೌಂಟನ್ಸ್, ಚಿತ್ರದಲ್ಲಿದ್ದ ಭಂಗಿಯಲ್ಲೇ, ರಕ್ತದ ಮಡುವಿನಲ್ಲಿ. ಒಂದು ಮಾತಾಡಿ ಸಾಯುತ್ತಾಳೆ. ಹುಡುಗ ತನ್ನ ಅಂಗಿ ಬಿಚ್ಚಿ ಅವಳ ಮೈ ಮುಚ್ಚುತ್ತಾನೆ.

ಚಿತ್ರದ ಎರಡೂ ಕಡೆಯ ವಕೀಲರು ಇದೇ ದೃಶ್ಯವನ್ನು ಸಾಕ್ಷಿಗೆ ಕರೆಯುತ್ತಾರೆ. ಸಾಯುತ್ತಿರುವ ಹೆಂಗಸನ್ನೂ ಪತ್ರಿಕೆಯ ಭಂಗಿಯಲ್ಲೇ ಮಲಗಿಸಿದ ಕ್ಯಾಮೆರಾಗೆ ಅವಳ ನೋವಿಗಿಂತ ಮೈ ಮುಖ್ಯವಾಯಿತು ಎನ್ನುತ್ತಾರೆ ಒಂದು ಕಡೆಯವರು. ಆ ಮೈಯನ್ನು ಕದ್ದು ನೋಡಲು ಹೊರಟ ಹುಡುಗನೇ ಅವಳನ್ನು ಮನುಷ್ಯಳಾಗಿ ಕಂಡು ಮುಚ್ಚಿದ್ದನ್ನು ನೋಡಲಿಲ್ಲವೆ ಎಂದು ಕೇಳುತ್ತಾರೆ ಇನ್ನೊಂದು ಕಡೆಯವರು. ನನಗೆ ಎರಡನೆಯ ಮಾತು ಹೆಚ್ಚು ಸರಿ ಕಾಣುತ್ತದೆ. ಆದರೆ ಮೊದಲ ಮಾತು ಸುಳ್ಳಾಗುವುದಿಲ್ಲ. ಎರಡನ್ನೂ ಒಂದೇ ಕ್ಷಣದಲ್ಲಿ ಪಡೆಯಲು ನಿರ್ದೇಶಕ ಬಯಸಿದ್ದಾನೆ, ಪಡೆದಿದ್ದಾನೆ ಕೂಡ.

ದಾರಿಹೋಕರ ಸಾವುಗಳದ್ದು ಇನ್ನೂ ಕಷ್ಟದ ವಿಷಯ. ಗುರಿ ತಪ್ಪಿದ ಗುಂಡು ಸಂಬಂಧವಿಲ್ಲದ ಹೆಂಗಸಿಗೆ ತಗಲುತ್ತದೆ. ಅದು ನಗೆಯ ಪ್ರಸಂಗ. ಹೋಟೆಲಿನ ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೆ ಕೊಲೆಗಳು ನಡೆಯುತ್ತಿವೆ. ನಮ್ಮ ಜೋಡಿ ಸದ್ದಿಲ್ಲದೆ ಮತ್ತೆ ಗುಂಡಿ ಒತ್ತಿ ಕೆಳಗಿಳಿಯುತ್ತದೆ. ನಾನು ಅಲ್ಲಿ ಜೋರಾಗಿ ನಗುತ್ತೇನೆ, ಸಂಕೋಚವಿಲ್ಲ. ಹೇಡಿತನವನ್ನು ಇಷ್ಟು ನಿಜವಾಗಿ ತೋರಿಸಿದ ಸಾಹಸಚಿತ್ರಗಳು ಕಡಿಮೆ. ಆದರೂ ಸತ್ತವರಿಗೆ ಹೆಸರಿಲ್ಲ, ಅಳುವವರಿಲ್ಲ. ನೋಡುಗನ ಮನಸ್ಸನ್ನು ಇದು ಒರಟಾಗಿಸುತ್ತದೆ ಎಂಬ ಆತಂಕವನ್ನು ಮಡಿವಂತಿಕೆ ಎಂದು ತಳ್ಳಿಹಾಕುವುದು ಅನ್ಯಾಯ.

ಈ ಆತಂಕಕ್ಕೆ ಚಿತ್ರ ಕೊಡುವ ಉತ್ತರ ಹಾಲಿ, ಮಾರ್ಚ್‌ನ ಹದಿಮೂರು ವರ್ಷದ ಮಗಳು. ಆ ಪಾತ್ರ ಮಾಡಿದ ಆಸ್ಟ್ರೇಲಿಯದ ಆಂಗರಿ ರೈಸ್‌ಗೆ ಚಿತ್ರೀಕರಣದ ಹೊತ್ತಿಗೆ ಹೆಚ್ಚುಕಡಿಮೆ ಅದೇ ವಯಸ್ಸು. ಗ್ಯಾಸ್ ಸೋರಿದ್ದು ಅಪ್ಪನ ಮೂಗಿಗೆ ತಿಳಿಯದೆ ಮನೆ ಸುಟ್ಟು ತಾಯಿ ಸತ್ತಿದ್ದಾಳೆ. ಹಾಲಿ ಆಗಾಗ ಆ ಖಾಲಿ ಜಾಗಕ್ಕೆ ಹೋಗಿ ಕೂತು ಪುಸ್ತಕ ಓದುತ್ತಾಳೆ. ಅಪ್ಪನ ಕುಡಿತ, ಮೈಗಳ್ಳತನ, ಸೂಟು ಹಾಕಿಕೊಂಡೇ ಸ್ನಾನದ ತೊಟ್ಟಿಯಲ್ಲಿ ಮಲಗುವ ಅವನ ಹತಾಶೆ ಎಲ್ಲವೂ ನಗಿಸುತ್ತಲೇ ಇದ್ದವು; ಇವಳ ಕಣ್ಣಿಂದ ನೋಡಿದಾಗ ಅವೆಲ್ಲ ಭಾರವಾಗುತ್ತವೆ. ಗಾಯಗೊಂಡು ಬಿದ್ದ ಕೊಲೆಗಡುಕನಿಗೂ ಸಹಾಯ ಕರೆಸಬೇಕೆಂದು ಹೀಲಿಗೆ ಹೇಳಿ ಹೋಗುತ್ತಾಳೆ. ಅವಳು ಅತ್ತ ಹೋದೊಡನೆ ಹೀಲಿ ಅವನ ಕತ್ತು ಹಿಸುಕಿ, ಆಮೇಲೆ ಉಳಿಯಲಿಲ್ಲ ಎಂದಷ್ಟೇ ಅವಳಿಗೆ ಹೇಳುತ್ತಾನೆ. ಆ ದೃಶ್ಯದಲ್ಲಿ ನಗು ಪೂರ್ತಿ ನಿಲ್ಲುತ್ತದೆ. ಕೊನೆಯಲ್ಲಿ ಇನ್ನೊಬ್ಬನನ್ನು ಕೊಲ್ಲಲು ಹೊರಟವನು ಅವಳ ಮಾತಿಗೆ ಕೈ ತಡೆಯುತ್ತಾನೆ. ಒಮ್ಮೆ ಊಟದ ಹೋಟೆಲಿನಲ್ಲಿ ಬಂದೂಕು ಹಿಡಿದವನೊಬ್ಬನನ್ನು ತಡೆದದ್ದೇ ಬದುಕಿನಲ್ಲಿ ತಾನು ಉಪಯೋಗಕ್ಕೆ ಬಂದ ಏಕೈಕ ದಿನ ಎಂದುಕೊಂಡಿದ್ದವನಿಗೆ ಇದು ದೊಡ್ಡ ಬದಲಾವಣೆ. ಈ ಒಂದು ಎಳೆಯಲ್ಲಿ ಸಾವಿಗೆ ಬೆಲೆಯಿದೆ.

ಅದೇ ಹುಡುಗಿಯನ್ನು ನೀಲಿಚಿತ್ರದವರ ಪಾರ್ಟಿಗೆ ಕಳಿಸಿ, ಅಲ್ಲಿನ ನಟಿಯೊಬ್ಬಳ ಪಕ್ಕ ಕೂರಿಸಿ ಅಂಥದೇ ಚಿತ್ರ ನೋಡಿಸುವ ಪ್ರಸಂಗವೂ ಇದೆ. ಅದರಿಂದ ಅವಳ ದಿಟ್ಟತನ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಅದಕ್ಕೆ ಇಷ್ಟು ದೂರ ಹೋಗಬೇಕಿರಲಿಲ್ಲ. ಅಪ್ಪನ ಕಾರಿನ ಡಿಕ್ಕಿಯಲ್ಲಿ ಅಡಗಿ ಬಂದದ್ದೇ ಸಾಕಾಗಿತ್ತು.

ಆದರೆ ಚಿತ್ರದ ಅಭಿಮಾನಿಯಾಗಿ ನನಗೆ ಸಮರ್ಥಿಸಲು ಆಗದೇ ಹೋಗುವುದು ಅಮೇಲಿಯಾಳ ವಿಷಯ. ಕಂಪನಿಗಳ ಸಂಚನ್ನು ಮೊದಲು ಅರಿತವಳು ಅವಳು. ನ್ಯಾಯ ಇಲಾಖೆಯಲ್ಲಿ ಮೇಲಿನ ಹುದ್ದೆಯಲ್ಲಿರುವ ಸ್ವಂತ ತಾಯಿಯೇ (ಕಿಮ್ ಬೇಸಿಂಗರ್) ಸಂಚಿನಲ್ಲಿದ್ದಾಳೆಂದು ತಿಳಿದು, ಸತ್ಯವನ್ನು ಯಾರೂ ಅಡಗಿಸಲಾಗದಂತೆ ಒಂದು ನೀಲಿಚಿತ್ರದೊಳಗೆ ಸೇರಿಸಿ ಸಿನಿಮಾ ಮಾಡಿಸಿದವಳು ಅವಳು. ಅಷ್ಟು ಹೆಣಗಳು ಬೀಳುವುದು, ಕೊನೆಗೆ ಕಾರು ಪ್ರದರ್ಶನದಲ್ಲಿ ಎಲ್ಲರೂ ಬಿದ್ದೆದ್ದು ಬೆನ್ನಟ್ಟುವುದು ಅದೇ ರೀಲಿಗಾಗಿ. ಅವಳು ಹೇಳಿದ್ದೆಲ್ಲ ನಿಜ. ಆದರೆ ಅವಳು ಬಾಯಿ ತೆರೆದಾಗಲೆಲ್ಲ ಇಬ್ಬರು ಗಂಡಸರು ಕಣ್ಣು ತಿರುಗಿಸುತ್ತಾರೆ, ಕ್ಯಾಮೆರಾವೂ ಅವರ ಜೊತೆ ಸೇರುತ್ತದೆ. ತಲೆಕೆಟ್ಟ ಸಿರಿವಂತರ ಮಗಳು ಎಂಬಂತೆ. ಆಮೇಲೆ ಅವಳು ಮಾರ್ಚ್‌ನ ಮನೆಯ ಕಿಟಕಿಯಿಂದ ತಪ್ಪಿಸಿಕೊಂಡು ಓಡಿ, ಕೈ ಅಡ್ಡ ಹಾಕಿ ನಿಲ್ಲಿಸಿದ ಕಾರಿನಲ್ಲಿ ಕೊಲೆಗಾರನೇ ಇದ್ದು, ಒಂದೇ ಗುಂಡಿಗೆ ಬೀಳುತ್ತಾಳೆ. ನೋಡುಗನನ್ನು ಬೆಚ್ಚಿಬೀಳಿಸುವ ಆ ತಿರುವು ಕಥೆಗಾರನ ಜಾಣ್ಮೆ ನಿಜ. ಆದರೆ ಅವಳಿಗಾಗಿ ಚಿತ್ರ ನಿಲ್ಲುವುದಿಲ್ಲ. ಹೀಲಿ, ಮಾರ್ಚ್ ಕೊನೆಯಲ್ಲಿ ಬಾರಿನಲ್ಲಿ ಕೂತು, ಸತ್ತವರು ಬೇಗ ಸತ್ತಿದ್ದರಿಂದ ನೋವಾಗಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಅವರಿಬ್ಬರ ಸ್ವಭಾವಕ್ಕೆ ತಕ್ಕ ಮಾತು, ಒಳ್ಳೆಯ ಹಾಸ್ಯ ಕೂಡ. ಆದರೆ ಚಿತ್ರ ಅವರಿಬ್ಬರಿಗಿಂತ ಹೆಚ್ಚು ತಿಳಿದಿರಬೇಕಿತ್ತು.

ಬ್ಲ್ಯಾಕ್‌ಗೆ ಆ ಶಕ್ತಿ ಇಲ್ಲ ಎನ್ನುವಂತಿಲ್ಲ. ಮಿಸ್ಟಿಯ ಮೈಗೆ ಹುಡುಗನ ಅಂಗಿ ಹೊದಿಸಿದವನು, ಹೀಲಿಯ ಕೈಗಳ ಮೇಲೆ ಹಾಲಿಯ ಮಾತಿನ ಭಾರ ಇಟ್ಟವನು ಅವನೇ. ಅಮೇಲಿಯಾ ಬದುಕಿರುವಾಗ ಅವಳ ಮಾತನ್ನು ತಮಾಷೆಗೆ ತಿರುಗಿಸದೆ ಕೇಳುವ ಒಂದೇ ಒಂದು ದೃಶ್ಯ, ಹಾಲಿಯ ಜೊತೆಗಾದರೂ, ಇದ್ದಿದ್ದರೆ ಸಾಕಿತ್ತು. ನಗು ಕಡಿಮೆಯಾಗುತ್ತಿರಲಿಲ್ಲ. ಪಾಯಿಖಾನೆಯ ಬಾಗಿಲು, ಲಿಫ್ಟು, ಗುಡ್ಡದ ಉರುಳಾಟ ಎಲ್ಲ ಹಾಗೇ ಇರುತ್ತಿದ್ದವು. ಅರ್ಧಕ್ಕೆ ಎದ್ದುಹೋದವರಿಗೆ, ತಡೆಯಿರಿ, ಇನ್ನೂ ಇದೆ, ಎಂದು ನಾವು ಧೈರ್ಯವಾಗಿ ಹೇಳಬಹುದಿತ್ತು. ಈಗಲೂ ಹೇಳುತ್ತೇನೆ, ಹಾಲಿಯನ್ನು ತೋರಿಸಿ. ಅಮೇಲಿಯಾಳನ್ನು ತೋರಿಸಿ ಅವರು ಮರುಪ್ರಶ್ನೆ ಹಾಕಿದರೆ ನನ್ನಲ್ಲಿ ಉತ್ತರವಿಲ್ಲ.